ಕತ್ತು ಎತ್ತುವ ಹೊತ್ತು

ನನ್ನ ಗಂಡ ನೆಲದ ಮೇಲೆ ಮಂಡಿಯೂರಿ, ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಮೇಜಿನ ಕೆಳಗೆ ಎಳೆದಾಡುತ್ತಿದ್ದರು. ಗಡಿಯಾರ ರಿಪೇರಿಯ ಅಂಗಡಿಯಲ್ಲಿ ಇದೇನೂ ದೊಡ್ಡ ವಿಷಯವಲ್ಲ. ಸಾಸಿವೆಗಿಂತ ಸಣ್ಣ ಸ್ಕ್ರೂ, ಒಮ್ಮೊಮ್ಮೆ ಜಾರುತ್ತದೆ. ಆದರೆ ಇವರ ಕೈಯಿಂದ ಜಾರುವುದು ಅಪರೂಪ. ಅವತ್ತು ಮಧ್ಯಾಹ್ನ ಊಟದ ಡಬ್ಬಿ ಕೊಡಲು ಹೋದಾಗಲೂ ನೆಲದ ಮೇಲಿದ್ದರು, ಸಂಜೆ ಮನೆಗೆ ಕರೆದುಕೊಂಡು ಹೋಗಲು ಬಂದಾಗಲೂ ನೆಲದ ಮೇಲೇ ಇದ್ದರು.

"ಏನ್ರೀ, ಮಧ್ಯಾಹ್ನ ಬಿದ್ದದ್ದು ಇನ್ನೂ ಸಿಕ್ಕಿಲ್ವಾ?"

"ಅದು ಆಗ್ಲೇ ಸಿಕ್ತು. ಇದು ಬೇರೆ."

"ನಡುವೆ ಇನ್ನೆಷ್ಟು ಬಿದ್ವು?"

ಅವರು ಎದ್ದು, ಬಲಗೈಯ ಹೆಬ್ಬೆರಳನ್ನೂ ತೋರುಬೆರಳನ್ನೂ ಪ್ಯಾಂಟಿಗೆ ಉಜ್ಜಿಕೊಂಡರು. ಎಣ್ಣೆ ಒರೆಸಿಕೊಳ್ಳುತ್ತಿದ್ದಾರೆ ಅಂದುಕೊಂಡೆ. ಮತ್ತೆ ಉಜ್ಜಿದರು. ಆಗ ಅನುಮಾನ ಬಂತು. ಎಣ್ಣೆ ಇರಲಿಲ್ಲ. ಬೆರಳು ಇನ್ನೂ ತಮ್ಮದೇ ಹೌದೋ ಅಲ್ಲವೋ ಎಂದು ನೋಡಿಕೊಳ್ಳುತ್ತಿದ್ದರು.

ಡಾಕ್ಟರು ಬೆರಳಿಗಿಂತ ಹೆಚ್ಚಾಗಿ ಕತ್ತನ್ನು ನೋಡಿದರು. ಮೀಸೆ ಚಿಗುರುವ ವಯಸ್ಸಿನಿಂದ ಇವತ್ತಿನವರೆಗೆ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಗದ್ದ ಎದೆಗೆ ತಾಗುವ ಹಾಗೆ ಬಗ್ಗಿ ಕೂತ ಕತ್ತು ಅದು. ಅಲ್ಲಿ ಒಂದು ನರ ಒತ್ತಿಕೊಂಡಿದೆ, ಅದಕ್ಕೇ ಬೆರಳು ಜೋಮು ಹಿಡಿಯುತ್ತಿದೆ ಎಂದರು. ವ್ಯಾಯಾಮಕ್ಕೆ ಬಗ್ಗಿದರೆ ಸರಿ, ಇಲ್ಲದಿದ್ದರೆ ಕತ್ತಿಗೆ ಆಪರೇಷನ್. ಆಪರೇಷನ್ ಆದ ಮೇಲೆ ಬೆರಳಿಗೆ ಮೊದಲಿನ ಸೂಕ್ಷ್ಮ ಬರುತ್ತದೆಯೇ ಎಂದು ಕೇಳಿದೆ. "ಊಟ ಮಾಡಬಹುದು, ಶರ್ಟಿನ ಗುಂಡಿ ಹಾಕಿಕೊಳ್ಳಬಹುದು," ಎಂದರು ಡಾಕ್ಟರು. ಗಡಿಯಾರದ ಮಾತು ಎತ್ತಲಿಲ್ಲ. ನನ್ನ ಗಂಡ ದೊಡ್ಡ ಉಪಕಾರವಾಯಿತು ಎನ್ನುವ ಹಾಗೆ ತಲೆಯಾಡಿಸಿದರು. ಅಷ್ಟು ವಿಧೇಯವಾಗಿ ಅವರು ತಲೆಯಾಡಿಸಿದ್ದನ್ನು ನಾನು ನೋಡಿರಲಿಲ್ಲ, ಹಾಗಾಗಿ ಹೆದರಿಕೆಯಾಯಿತು.

ವ್ಯಾಯಾಮ ಹೇಳಿಕೊಟ್ಟದ್ದು ಅದೇ ಆಸ್ಪತ್ರೆಯ ಫಿಸಿಯೋ ಹುಡುಗಿ. ಮಾತು ಪಟಪಟ, ಕೈ ಗಟ್ಟಿ.

"ಅಂಕಲ್, ಗದ್ದ ಒಳಗೆ ಎಳ್ಕೊಳ್ಳಿ. ಕೆಳಗಲ್ಲ, ಒಳಗೆ. ಯಾರೋ ಬೇಡದೋರು ಮುತ್ತು ಕೊಡೋಕೆ ಬಂದ್ರೆ ಹಿಂದೆ ಸರೀತೀರಲ್ಲ, ಹಾಗೆ."

"ಅನುಭವ ಇಲ್ಲಮ್ಮ," ಎಂದರು ಇವರು. "ಬೇಡದೋರು ಯಾರೂ ಬಂದಿಲ್ಲ. ಬೇಕಾದೋರಿಗೆ ಪುರುಸೊತ್ತಿಲ್ಲ."

ಆ ಹುಡುಗಿ ನನ್ನ ಕಡೆ ನೋಡಿ ನಕ್ಕಳು. ನಾನು ಗೋಡೆಯ ಮೇಲಿದ್ದ ಎಲುಬಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಗದ್ದ ಒಳಗೆ, ಬೆನ್ನಿನ ಎರಡು ರೆಕ್ಕೆಮೂಳೆ ಹಿಂದೆ, ಆಮೇಲೆ ಕತ್ತೆತ್ತಿ ನಿಧಾನವಾಗಿ ಎಡಕ್ಕೂ ಬಲಕ್ಕೂ ನೋಡುವುದು. ಇಷ್ಟೇ. "ಒಂದು ನಿಮಿಷದ ಕೆಲಸ ಅಂಕಲ್. ಆದ್ರೆ ಗಂಟೆಗೊಂದು ಸಲ. ಬೆಳಿಗ್ಗೆನೇ ಎಲ್ಲಾ ಒಟ್ಟಿಗೆ ಮಾಡಿ ಮುಗಿಸ್ತೀನಿ ಅನ್ನೋ ಹಾಗಿಲ್ಲ. ವಾರದ ನೀರು ಒಂದೇ ದಿನ ಹುಯ್ದ್ರೆ ಗಿಡ ಬದುಕುತ್ತಾ? ಆರು ವಾರ ಬಿಟ್ಟು ಬನ್ನಿ, ಬೆರಳು ನೋಡ್ತೀನಿ. ಏನೂ ಬದಲಾಗಿಲ್ಲ ಅಂದ್ರೆ ಸರ್ಜನ್ ಹತ್ರ ಕಳಿಸ್ಲೇಬೇಕಾಗುತ್ತೆ."

ದಿನಕ್ಕೊಮ್ಮೆ ಒಂದು ಗಂಟೆ ಮಾಡಿ ಎಂದಿದ್ದರೆ ಹೇಗೋ ಮಾಡಿಸುತ್ತಿದ್ದೆ. ಗಂಟೆಗೊಮ್ಮೆ ಒಂದು ನಿಮಿಷ ಎಂದರೆ ಕಾಯುವವರು ಬೇಕು. ನಾನು ಕಾರು ಕಲಿಸುವವಳು. ಆಫೀಸಿಗೆ ಹೋಗುವವರು ಹೋಗುವ ಮೊದಲು ಕಲಿಯುತ್ತಾರೆ, ಬಂದ ಮೇಲೆ ಕಲಿಯುತ್ತಾರೆ, ಮನೆಯಲ್ಲಿರುವವರು ನಡುವೆ ಕಲಿಯುತ್ತಾರೆ. ಬೆಳಗಿನಿಂದ ಸಂಜೆಯವರೆಗೆ ನನ್ನ ಕಾಲು ಎಡಗಡೆಯ ಹೆಚ್ಚುವರಿ ಬ್ರೇಕಿನ ಮೇಲೆಯೇ. ಬೇರೆಯವರ ಜೀವ ಕಾಯುತ್ತಾ ಕೂತವಳಿಗೆ ಗಂಡನ ಕತ್ತು ಕಾಯಲು ಸಮಯವೆಲ್ಲಿ?

ಅಂಗಡಿಯಲ್ಲಿ ಸಮಯಕ್ಕೇನೂ ಬರವಿರಲಿಲ್ಲ. ನಾಲ್ಕೂ ಗೋಡೆಗೆ ಗಡಿಯಾರ, ಒಂದೊಂದರಲ್ಲಿ ಒಂದೊಂದು ವೇಳೆ. ರಿಪೇರಿ ಮಾಡಿ ಓಡಲು ಬಿಟ್ಟ ಗಡಿಯಾರದ ಮುಳ್ಳನ್ನು, ಒಪ್ಪಿಸುವ ದಿನದವರೆಗೆ ಮುಟ್ಟಬಾರದು ಎನ್ನುವುದು ಅವರ ನಿಯಮ. ಹಾಗಾಗಿ ಯಾವಾಗಲೂ ಯಾವುದೋ ಒಂದು ಮೂಲೆಯಲ್ಲಿ ಯಾವುದೋ ಒಂದು ಗಂಟೆ ಬಾರಿಸುತ್ತಿರುತ್ತದೆ. ಆ ಗದ್ದಲದಲ್ಲೇ ಕೂತು ಕೂತು ಅವರ ಕಿವಿ ಆ ಶಬ್ದಕ್ಕೆ ಬಾಗಿಲು ಹಾಕಿಕೊಂಡಿತ್ತು. ಫೋನಿನಲ್ಲಿ ಅಲಾರಂ ಇಟ್ಟುಕೊಟ್ಟೆ. ಅದು ಬಡಿದುಕೊಂಡು ಬಡಿದುಕೊಂಡು ಸುಸ್ತಾಗಿ ಸುಮ್ಮನಾಗುತ್ತಿತ್ತು. ಇವರು ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯೊಳಗೆ ಬೇರೆ ಲೋಕದಲ್ಲಿರುತ್ತಿದ್ದರು.

"ಆರಂಭಶೂರತ್ವ ಅಂದ್ರೆ ಇದೇ," ಎಂದೆ ಮೊದಲ ವಾರ ಮುಗಿದಾಗ.

"ಆರಂಭನೇ ಆಗಿಲ್ವಲ್ಲ, ಶೂರತ್ವ ಎಲ್ಲಿಂದ ಬಂತು?" ಎಂದರು.

ಅದಕ್ಕೇ ಫೋನ್ ಮಾಡತೊಡಗಿದೆ. ಒಬ್ಬರ ಪಾಠ ಮುಗಿದು ಇನ್ನೊಬ್ಬರು ಹತ್ತುವ ನಡುವೆ ಒಂದು ಫೋನು. "ಕತ್ತು," ಎನ್ನುತ್ತಿದ್ದೆ, ಅಷ್ಟೇ. "ಮಾಡ್ತಿದ್ದೀನಿ, ಮಾಡ್ತಿದ್ದೀನಿ," ಎನ್ನುತ್ತಿದ್ದರು. ನನ್ನ ವಿದ್ಯಾರ್ಥಿಗಳಿಗೆಲ್ಲ ಇದು ಗೊತ್ತಾಯಿತು. ಆಗ ಕಲಿಯುತ್ತಿದ್ದವರಲ್ಲಿ ಒಬ್ಬರು ಹಲ್ಲಿನ ಡಾಕ್ಟರು. ನಾನು ಫೋನಿನಲ್ಲಿ "ಕತ್ತು" ಎಂದ ಕೂಡಲೇ ಅವರೂ ಸ್ಟಿಯರಿಂಗ್ ಬಿಟ್ಟು ಗದ್ದ ಎಳೆದುಕೊಳ್ಳುತ್ತಿದ್ದರು.

"ನಿಮಗೆ ಹೇಳಿದ್ದಲ್ಲ ಸಾರ್!"

"ಇರ್ಲಿ ಮೇಡಂ, ನಂದೂ ಬಗ್ಗಿದ ಕತ್ತೇ. ಅವರು ಗಡಿಯಾರದ ಹೊಟ್ಟೆ ನೋಡ್ತಾರೆ, ನಾನು ಜನರ ಬಾಯಿ ನೋಡ್ತೀನಿ. ಫೀಸು ಒಂದೇ, ಪಾಠ ಎರಡು."

ಎರಡು ವಾರ ಹೀಗೆ ನಡೆಯಿತು. ನನ್ನ ಕರ್ತವ್ಯ ನಾನು ಸರಿಯಾಗಿ ಮಾಡುತ್ತಿದ್ದೇನೆ ಎಂಬ ನೆಮ್ಮದಿಯೂ ಇತ್ತು. ಆದರೆ ಇವರ ಬೆರಳು ಸುಧಾರಿಸಲಿಲ್ಲ. ಒಂದು ದಿನ ಕಾಫಿ ಲೋಟವನ್ನು ಎಡಗೈಯಲ್ಲಿ ಎತ್ತಿಕೊಂಡರು. ಕೇಳಿದರೆ, ಬಲಗೈಯಲ್ಲಿ ಪೇಪರ್ ಇದೆಯಲ್ಲ ಎಂದರು. ಪೇಪರು ಮೇಜಿನ ಮೇಲಿತ್ತು.

ಮರುದಿನ ಹಲ್ಲಿನ ಡಾಕ್ಟರಿಗೆ ರಸ್ತೆಬದಿಯಲ್ಲಿ ಕಾರು ನಿಲ್ಲಿಸುವ ಪಾಠ. ಯಾವ ರಸ್ತೆಯಾದರೂ ಆಗುತ್ತಿತ್ತು, ಏನೋ ತೋಚಿ ನಮ್ಮ ಅಂಗಡಿಯ ಎದುರಿನ ರಸ್ತೆಗೆ ಕರೆದುಕೊಂಡು ಬಂದೆ. ಅವರು ಎರಡು ಸಲ ಪಾದಚಾರಿಗಳ ಕಟ್ಟೆ ಹತ್ತಿಸಿ ಮೂರನೆಯ ಸಲ ನಿಲ್ಲಿಸಿದರು. ಎದುರಿಗೆ ಅಂಗಡಿಯ ಗಾಜು. ಒಳಗೆ ನನ್ನ ಗಂಡ, ಎಂದಿನಂತೆ ಬಗ್ಗಿ. ಕೂತಲ್ಲಿಂದಲೇ ಫೋನ್ ಮಾಡಿದೆ.

"ಕತ್ತು."

ಇವರು ಫೋನನ್ನು ಎಡ ಭುಜಕ್ಕೂ ಕಿವಿಗೂ ನಡುವೆ ಅದುಮಿಕೊಂಡು, ಕತ್ತನ್ನು ಒಣಗಲು ಹಾಕಿದ ಬಟ್ಟೆಯ ಹಾಗೆ ಒಂದು ಕಡೆ ತಿರುಚಿಕೊಂಡು, ಎರಡೂ ಕೈಯಲ್ಲಿ ಕೆಲಸ ಮುಂದುವರಿಸುತ್ತಾ ಹೇಳಿದರು: "ಮಾಡ್ತಿದ್ದೀನಿ, ಮಾಡ್ತಿದ್ದೀನಿ."

ಎರಡು ವಾರದಿಂದ, ದಿನವಿಡೀ, ಗಂಟೆಗೊಮ್ಮೆ ತಪ್ಪದೆ ನಾನೇ ಆ ಕತ್ತನ್ನು ಹಾಗೆ ತಿರುಚಿಸಿದ್ದೆ. ನಾನು ಸುಮ್ಮನಿದ್ದಿದ್ದರೆ ಬಗ್ಗಿದ ಕತ್ತು ಬಗ್ಗಿಕೊಂಡಾದರೂ ಇರುತ್ತಿತ್ತು.

"ಮೇಡಂ," ಎಂದರು ಡಾಕ್ಟರು ಮೆಲ್ಲಗೆ, "ಇವತ್ತಿನ ಪಾಠ ಸಾಕು ಅನ್ಸುತ್ತೆ. ನಾನು ಬಸ್ಸಲ್ಲಿ ಹೋಗ್ತೀನಿ."

ಅಂಗಡಿಯೊಳಗೆ ಹೋಗಿ ಬಾಗಿಲು ಹಾಕಿದೆ. ನನ್ನನ್ನು ನೋಡಿದ್ದೇ ಅವರು ಗದ್ದ ಒಳಗೆಳೆದುಕೊಂಡರು.

"ಈಗ ಎಳ್ಕೋಬೇಡಿ! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಊರಿಗೆ ಕಾಣಲ್ವಾ? ಗಾಜಿನ ಅಂಗಡಿ ಇದು."

"ಅರ್ಜೆಂಟ್ ಇತ್ತು ಕಣೇ, ಕೈಯಲ್ಲಿ ಬ್ಯಾಲೆನ್ಸ್ ಚಕ್ರ ಇತ್ತು..."

"ದಿನಾ ಇರುತ್ತೆ ಅರ್ಜೆಂಟು. ಒಂದು ನಿಮಿಷ ರೀ. ಒಂದೇ ಒಂದು ನಿಮಿಷ ಚಿಮಟ ಕೆಳಗಿಟ್ಟರೆ ಏನಾಗುತ್ತೆ? ಆ ಚಕ್ರ ಎದ್ದು ಓಡಿಹೋಗುತ್ತಾ? ನನ್ನ ಮೇಲೆ ಕೋಪಾನಾ? ಹಟಾನಾ? ಏನು ಅಂತ ಹೇಳಿ."

ಅವರು ಭೂತಗನ್ನಡಿ ತೆಗೆದರು. ಕಣ್ಣಿನ ಸುತ್ತ ಅದರ ದುಂಡು ಗುರುತು ಉಳಿದಿತ್ತು, ಒಂದೇ ಕಣ್ಣು ನಿದ್ದೆಯಿಂದ ಎದ್ದ ಹಾಗೆ.

"ಇಟ್ಟರೆ ಮತ್ತೆ ಹಿಡಿಯೋಕೆ ಬರಲ್ಲ," ಎಂದರು.

"ಅಂದ್ರೆ?"

"ಬೆಳಿಗ್ಗೆ ಬಂದು ಹೇಗೋ ಒಂದು ಸಲ ಚಿಮಟ ಸರಿಯಾಗಿ ಹಿಡ್ಕೋತೀನಿ. ಹಿಡಿದ ಮೇಲೆ ಬಿಡದೆ ಹೋಗ್ತಾ ಇರಬೇಕು. ಮಧ್ಯ ಕೆಳಗಿಟ್ಟು ಮತ್ತೆ ಎತ್ಕೊಂಡ್ರೆ ಎಷ್ಟು ಒತ್ತಿದೀನಿ ಅಂತಾನೇ ಗೊತ್ತಾಗಲ್ಲ. ಗಟ್ಟಿ ಹಿಡಿದ್ರೆ ಸ್ಕ್ರೂ ಚಿಮ್ಮುತ್ತೆ, ಮೆಲ್ಲಗೆ ಹಿಡಿದ್ರೆ ಜಾರುತ್ತೆ. ಒಂದೊಂದು ಸಲ ಇಟ್ಟಾಗಲೂ ಇದೇ ಕೊನೇನೇನೋ ಅನ್ಸುತ್ತೆ ಕಣೇ. ಅದಕ್ಕೇ ಇಡಲ್ಲ."

ಬೈಯಲು ಸಾಲಾಗಿ ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ನನ್ನ ಬಾಯಲ್ಲೇ ಕರಗಿದವು. ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತೆ. ಇಷ್ಟು ದಿನ ಇದನ್ನು ಒಬ್ಬರೇ ಇಟ್ಟುಕೊಂಡು ಕೂತಿದ್ದರಲ್ಲ, ನಾನೋ ದಿನವಿಡೀ "ಕತ್ತು ಕತ್ತು" ಎಂದು ಕೂಗುತ್ತಿದ್ದೆನಲ್ಲ ಎಂದು ಸಂಕಟವಾಯಿತು. ಏನಾದರೂ ಹೇಳಬೇಕು ಎಂದು ಬಾಯಿ ತೆರೆಯುವಷ್ಟರಲ್ಲಿ ಇವರು ಥಟ್ಟನೆ ಹಿಂದಕ್ಕೆ ತಿರುಗಿದರು.

"ಏನಾಯ್ತು?"

"ನಿಂತುಹೋಯ್ತು."

"ಯಾವುದು?"

"ಆ ಮೂಲೇದು. ಮರದ ಚೌಕಟ್ಟಿಂದು." ಎದ್ದು ಹೋಗಿ ಅದಕ್ಕೆ ಕೀ ಕೊಟ್ಟು ಬಂದರು. ಗೋಡೆ ತುಂಬ ಅಷ್ಟೂ ಗಡಿಯಾರ ಟಿಕ್ಕೆನ್ನುತ್ತಿದ್ದವು. ನನ್ನ ಕಿವಿಗೆ ಯಾವ ವ್ಯತ್ಯಾಸವೂ ಗೊತ್ತಾಗಿರಲಿಲ್ಲ.

ಅದರ ಅರ್ಥ ಹೊಳೆದದ್ದು ಮರುದಿನ ಬೆಳಿಗ್ಗೆ, ಕಾರಿನಲ್ಲಿ. ಹೊಸಬಳೊಬ್ಬಳು ಕ್ಲಚ್ ಬಿಟ್ಟ ರಭಸಕ್ಕೆ ಎಂಜಿನ್ ಆಫ್ ಆಯಿತು, ಅವಳು ಬೆಚ್ಚಿಬಿದ್ದಳು. ಎಂಜಿನ್ ಓಡುವಾಗ ಅದರ ಸದ್ದು ಯಾರಿಗೂ ಕೇಳುವುದಿಲ್ಲ. ನಿಂತಾಗ ಎಲ್ಲರಿಗೂ ಕೇಳುತ್ತದೆ. ನನ್ನ ಗಂಡನೂ ಹಾಗೆಯೇ, ಹೊಡೆಯುವ ಗಂಟೆ ಕೇಳುವುದಿಲ್ಲ, ನಿಂತ ಗಡಿಯಾರ ಕೇಳುತ್ತದೆ. ಹಾಗಾದರೆ ಗಂಟೆಗೊಮ್ಮೆ ನಿಲ್ಲುವ ಗಡಿಯಾರವೊಂದು ಬೇಕು. ಪಾಠ ಮುಗಿದದ್ದೇ ಅಂಗಡಿಗೆ ಹೋದೆ.

"ರೀ, ಗಂಟೆಗೊಂದು ಸಲ ತಾನಾಗೇ ನಿಲ್ಲೋ ಗಡಿಯಾರ ಇದ್ಯಾ?"

"ಅಂಥದ್ದನ್ನ ಜನ ರಿಪೇರಿಗೆ ತರ್ತಾರೆ ಕಣೇ, ನಾವು ಮಾಡಿ ಕೊಡಲ್ಲ."

ಹಾಗೆಂದರೂ ಮಧ್ಯಾಹ್ನದ ಹೊತ್ತಿಗೆ ಒಂದನ್ನು ಹುಡುಕಿಟ್ಟಿದ್ದರು. ಅದು ನಿವೃತ್ತ ಹೆಡ್‌ಮಿಸ್ಸೊಬ್ಬರದು, ಹಳೆಯ ಗೋಡೆ ಗಡಿಯಾರ. ಕೀ ಇಲ್ಲ. ಸರಪಳಿಗೆ ಕಬ್ಬಿಣದ ಗುಂಡು ನೇತಾಡುತ್ತದೆ, ಅದು ನಿಧಾನವಾಗಿ ಇಳಿಯುವ ಭಾರಕ್ಕೆ ಗಡಿಯಾರ ಓಡುತ್ತದೆ, ನೆಲ ಮುಟ್ಟಿದರೆ ನಿಲ್ಲುತ್ತದೆ. ಇವರು ಅದನ್ನು ತಮ್ಮ ಬೆನ್ನ ಹಿಂದಿನ ಗೋಡೆಗೆ, ಕೈ ಮೇಲೆತ್ತಿದರೆ ಮಾತ್ರ ಸಿಗುವಷ್ಟು ಎತ್ತರಕ್ಕೆ ತೂಗುಹಾಕಿ, ಗುಂಡಿನ ಕೆಳಗೆ ಒಂದು ಹಲಗೆ ಹೊಡೆದರು. ಹಲಗೆಯಿಂದ ನಾಲ್ಕು ಬೆರಳಿನಷ್ಟು ಗುಂಡನ್ನು ಎತ್ತಿ ಬಿಟ್ಟರೆ, ಅದು ಇಳಿದು ಹಲಗೆಯ ಮೇಲೆ ಕೂರುವುದಕ್ಕೆ ಹೆಚ್ಚು ಕಡಿಮೆ ಒಂದು ಗಂಟೆ.

ಹಾಗೆ ಶುರುವಾಯಿತು. ಗಡಿಯಾರ ನಿಲ್ಲುವುದು, ಇವರಿಗೆ ಅದನ್ನು ಸಹಿಸಲಾಗದೆ ಇರುವುದು, ಚಿಮಟ ಇಟ್ಟು ಏಳುವುದು, ಕತ್ತೆತ್ತಿ ಸರಪಳಿ ಎಳೆಯುವುದು, ಎದ್ದದ್ದೇ ಎದ್ದೆ ಎಂದು ಗದ್ದವನ್ನೂ ರೆಕ್ಕೆಯನ್ನೂ ಎಳೆದುಕೊಂಡು ಎಡಕ್ಕೂ ಬಲಕ್ಕೂ ನೋಡುವುದು. ಆಮೇಲೆ ಕೂತು, ಮತ್ತೆ ಚಿಮಟ ಹಿಡಿಯುವುದು. ಅದೇ ಕಷ್ಟದ ಭಾಗ. ಮೊದಲ ದಿನಗಳಲ್ಲಿ ಪ್ರತಿ ಸಲ ಒಂದೆರಡು ಸ್ಕ್ರೂ ನೆಲ ಸೇರುತ್ತಿದ್ದವಂತೆ. ಮೇಜಿನ ಕೆಳಗೆ ನನ್ನ ಹಳೆಯ ಬಿಳಿ ದುಪ್ಪಟ್ಟಾ ಹಾಸಿಕೊಂಡಿದ್ದರು, ಹುಡುಕಲು ಸುಲಭವಾಗಲೆಂದು. ನಾನು ಫೋನ್ ಮಾಡುವುದನ್ನು ನಿಲ್ಲಿಸಿದೆ. ಒಂದು ಸಂಜೆ ಮನೆಗೆ ಬರುವಾಗ, "ಇವತ್ತು ಎರಡೇ ಬಿದ್ವು," ಎಂದರು. ಎರಡೂ ಯಾವ ಜಾತಿಯ ಸ್ಕ್ರೂ, ಎಲ್ಲೆಲ್ಲಿ ಸಿಕ್ಕವು ಎಂದು ಮನೆ ಮುಟ್ಟುವವರೆಗೆ ಹೇಳಿದರು. ನಾನು ಕೇಳಿಸಿಕೊಂಡೆ. ಹಿಂದೆಂದೂ ಅಷ್ಟು ಗಮನ ಕೊಟ್ಟು ಸ್ಕ್ರೂವಿನ ಕತೆ ಕೇಳಿದ್ದಿಲ್ಲ.

ತೊಂದರೆ ಎಂದರೆ ಹೆಡ್‌ಮಿಸ್ಸಿನ ಗಡಿಯಾರ ಎಂದೋ ರಿಪೇರಿಯಾಗಿತ್ತು. ಕೊಟ್ಟ ಮಾತಿಗೆ ಒಂದು ದಿನ ತಪ್ಪದ ನನ್ನ ಗಂಡ, ಅವರು ಬಂದಾಗ ತಲೆ ತಗ್ಗಿಸಿ, "ಇನ್ನೂ ಪರೀಕ್ಷೆಗೆ ಬಿಟ್ಟಿದೀನಿ ಮೇಡಂ," ಎಂದರಂತೆ. ನಾಲ್ಕು ದಿನ ಬಿಟ್ಟು ಬಂದಾಗಲೂ ಅದನ್ನೇ ಹೇಳಿದರಂತೆ. ಮೂರನೆಯ ಸಲ ಅವರು ಬಂದಾಗ ನಾನೂ ಅಂಗಡಿಯಲ್ಲಿದ್ದೆ, ಅವತ್ತು ಕಾರು ಸರ್ವೀಸಿಗೆ ಹೋಗಿತ್ತು.

ಹೆಡ್‌ಮಿಸ್ಸು ಕುಳ್ಳಗೆ, ನೆಟ್ಟಗೆ ಇದ್ದರು. ಕೊಡೆಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತು, "ಪರೀಕ್ಷೆ ಎಷ್ಟು ಹೊತ್ತು ನಡೆಯುತ್ತೆ ಅಂತ ನಾನೂ ನೋಡ್ತೀನಿ," ಎಂದರು. ನಾನು ಕಾಫಿ ತರಿಸಿದೆ. ಕುಡಿದರು. ಗೋಡೆಯ ಮೇಲೆ ಅವರ ಗಡಿಯಾರ ಚೆನ್ನಾಗಿಯೇ ಓಡುತ್ತಿತ್ತು. ಇವರ ಕಿವಿ ಕೆಂಪಾಗಿತ್ತು. ಸ್ವಲ್ಪ ಹೊತ್ತಿಗೆ ಗುಂಡು ಹಲಗೆಯ ಮೇಲೆ ಕೂತಿತು, ಗಡಿಯಾರ ನಿಂತಿತು. ಇವರು ಅಪರಾಧಿಯ ಹಾಗೆ ಎದ್ದರು, ಸರಪಳಿ ಎಳೆದರು, ಗದ್ದ ಒಳಗೆಳೆದುಕೊಂಡರು.

"ನನ್ನ ಗಡಿಯಾರಕ್ಕೆ ಏನು ಕಾಯಿಲೆ?"

"ಗಡಿಯಾರಕ್ಕಲ್ಲ ಮೇಡಂ," ಎಂದರು ಇವರು ಛಾವಣಿ ನೋಡುತ್ತಾ. "ನನಗೆ."

ಎಲ್ಲವನ್ನೂ ಹೇಳಿದೆವು. ಇವರು ಅರ್ಧ ಹೇಳಿದರು, ಬಿಟ್ಟದ್ದನ್ನು ನಾನು ಹೇಳಿದೆ. ಅವರು ಮಧ್ಯೆ ಬಾಯಿ ಹಾಕದೆ ಕೇಳಿದರು. ಅಂಥವರು ಕೇಳುವಾಗ ಸುಳ್ಳು ಹೇಳದಿದ್ದರೂ ಸುಳ್ಳು ಹೇಳಿದಂತೆ ಅನಿಸುತ್ತದೆ.

"ಮತ್ತೆ ಬೆರಳು ನೋಡೋದು ಯಾವತ್ತು?"

"ಇನ್ನು ಹತ್ತು ಹನ್ನೆರಡು ದಿನ ಇದೆ ಮೇಡಂ," ಎಂದೆ ನಾನು. "ಅಲ್ಲೀವರೆಗೆ ನೀವು ದೊಡ್ಡ ಮನಸ್ಸು ಮಾಡಿ..."

"ಹಾಗಾದ್ರೆ ಗಡಿಯಾರ ಇವತ್ತೇ ತಗೊಂಡು ಹೋಗ್ತೀನಿ."

ನಾನು ಗಡಿಯಾರಕ್ಕೆ ಅಡ್ಡವಾಗಿ ನಿಂತೆ.

"ಪರೀಕ್ಷೆ ಹತ್ರ ಬಂದಾಗ ಮಕ್ಕಳ ಕೈಯಿಂದ ಗೈಡು ಕಿತ್ಕೋಬೇಕಮ್ಮ. ಸರ್ವೀಸ್ ಪೂರ್ತಿ ನಾನು ಅದನ್ನೇ ಮಾಡಿದ್ದು. ಅವತ್ತು ಅಳ್ತಾರೆ, ತಾಯಂದಿರು ಬಂದು ಜಗಳ ಆಡ್ತಾರೆ." ಹೀಗೆ ಹೇಳಿ ನನ್ನ ಕಡೆ ನೋಡಿದರು. "ಗೈಡು ಇರೋವರೆಗೆ ಪಾಠ ಗೈಡಿಗೇ ಬರುತ್ತೆ, ಹುಡುಗನಿಗೆ ಬರಲ್ಲ. ಇನ್ನೊಂದು ಗಡಿಯಾರ ತೂಗುಹಾಕೋ ಹಾಗಿಲ್ಲ. ಫೋನ್ ಮಾಡೋ ಹಾಗೂ ಇಲ್ಲ."

"ಮೇಡಂ, ಇದು ಮಕ್ಕಳ ಪರೀಕ್ಷೆ ಅಲ್ಲ," ಎಂದೆ. "ಇವರ ಕೈ ಹೋದ್ರೆ..."

"ಅದಕ್ಕೇ ಹೇಳ್ತಿರೋದು. ನನ್ನ ಗಡಿಯಾರ ಇವರ ಜೀವನ ಪೂರ್ತಿ ಇಲ್ಲಿರುತ್ತಾ?"

ನನ್ನ ಗಂಡ ಅಷ್ಟರಲ್ಲಾಗಲೇ ಗಡಿಯಾರ ಇಳಿಸಿ, ಮುಳ್ಳು ಸರಿಯಾದ ಸಮಯಕ್ಕೆ ತಿರುಗಿಸಿ, ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದರು. ಶಾಲೆ ಬಿಟ್ಟು ಎಷ್ಟು ವರ್ಷವಾದರೇನು, ಹೆಡ್‌ಮಿಸ್ಸು ಹೇಳಿದರೆ ಗಂಡಸರು ಎದ್ದು ನಿಲ್ಲುತ್ತಾರೆ. ಅವರು ಹೊರಟ ಮೇಲೆ ನಾನು ಅವರನ್ನು ಬಾಯಿಗೆ ಬಂದಂತೆ ಬೈದೆ. ಇವರು ಗೋಡೆಯಲ್ಲಿ ಉಳಿದ ಮೊಳೆ ಕಿತ್ತರು.

ಮರುದಿನ ಮಧ್ಯಾಹ್ನ ಡಬ್ಬಿ ಕೊಡಲು ಹೋದಾಗ ಇವರು ನನ್ನ ಮುಖ ನೋಡಿ ತಾವೇ ಹೇಳಿದರು: "ಒಂದು ಸಲಾನೂ ಎದ್ದಿಲ್ಲ. ಕೂತವನು ಈಗಲೇ ತಲೆ ಎತ್ತಿದ್ದು." ಬೆರಳು ಪ್ಯಾಂಟಿಗೆ ಉಜ್ಜಿಕೊಳ್ಳುತ್ತಿದ್ದರು. ನನಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಗಡಿಯಾರ ಒಂದು ತೂಗುಹಾಕಿಬಿಡೋಣ, ಆ ಹೆಂಗಸಿಗೆ ಏನು ಗೊತ್ತಾಗುತ್ತದೆ ಎಂದೆ.

"ಬೇಡ," ಎಂದರು. "ಇನ್ನೊಂದು ದಿನ ನೋಡ್ತೀನಿ."

"ಇನ್ನೊಂದು ದಿನ ನೋಡ್ತೀನಿ ಅಂತಾನೇ ಅಲ್ವಾ ಇಲ್ಲೀವರೆಗೆ ಬಂದದ್ದು?"

"ನೀನು ಕಾರು ಕಲಿಸ್ತೀಯಲ್ಲ," ಎಂದರು ಡಬ್ಬಿ ತೆರೆಯುತ್ತಾ. "ಕೊನೇವರೆಗೂ ಆ ಕಡೆ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರ್ತೀಯಾ?"

ಇಟ್ಟುಕೊಂಡೇ ಇರುತ್ತೇನೆ. ನಿಜ ಹೇಳಬೇಕೆಂದರೆ ಲೈಸೆನ್ಸ್ ಸಿಕ್ಕವರ ಪಕ್ಕದಲ್ಲಿ ಕೂತರೂ ನನ್ನ ಕಾಲು ಆ ಜಾಗ ಹುಡುಕುತ್ತದೆ. ಅದನ್ನು ಅವರಿಗೆ ಹೇಳಲಿಲ್ಲ.

ಅಲ್ಲಿಂದ ಮುಂದಿನ ದಿನಗಳು ನನಗೆ ಕಷ್ಟದವು. ಎರಡು ಪಾಠಗಳ ನಡುವೆ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು, ಎಳೆದುಕೊಳ್ಳುತ್ತಿದ್ದೆ. ಹಲ್ಲಿನ ಡಾಕ್ಟರು ಒಂದು ದಿನ, "ಮೇಡಂ, ಎಡಕ್ಕಾ, ಬಲಕ್ಕಾ?" ಎಂದು ಮೂರು ಸಲ ಕೇಳಿ, ಕೊನೆಗೆ ತಮಗೆ ತೋಚಿದ ಕಡೆ ತಿರುಗಿಸಿ, ಬಹಳ ದೂರ ಹೋಗಿ, "ಇದು ಯಾವ ಏರಿಯಾ?" ಎಂದರು. ನಾನು ನೋಡಿದೆ. ಒಂದು ಕಡೆಯೂ ತಪ್ಪಿಲ್ಲದೆ ಓಡಿಸಿಕೊಂಡು ಬಂದಿದ್ದರು.

ಇವರು ಸಂಜೆ ಏನನ್ನೂ ಹೇಳುತ್ತಿರಲಿಲ್ಲ. ನಾನು ಕೇಳುತ್ತಿರಲಿಲ್ಲ. ನಾಲ್ಕೈದು ದಿನ ಬಿಟ್ಟು ಡಬ್ಬಿ ತೆಗೆದುಕೊಂಡು ಹೋದಾಗ ಬಾಗಿಲಲ್ಲೇ ನಿಂತುಬಿಟ್ಟೆ. ಇವರು ಬಗ್ಗಿ ಕೂತಿದ್ದವರು, ಒಂದು ಪುಟ್ಟ ಚಕ್ರವನ್ನು ತೊಳೆದು ಗಾಜಿನ ತಟ್ಟೆಗೆ ಹಾಕಿದರು. ಚಿಮಟ ಕೆಳಗಿಟ್ಟರು. ಎದ್ದರು. ಖಾಲಿ ಗೋಡೆಯ ಕಡೆ ಮುಖ ಮಾಡಿ ಗದ್ದ, ರೆಕ್ಕೆ, ಎಡ, ಬಲ. ಕೂತರು. ಚಿಮಟ ಎತ್ತಿದರು, ಗಾಳಿಯಲ್ಲಿ ಒಂದು ಸಲ ಮುಚ್ಚಿ ತೆರೆದು ನೋಡಿಕೊಂಡರು, ಮತ್ತೆ ಕೆಳಗಿಟ್ಟರು, ಮತ್ತೆ ಎತ್ತಿದರು.

"ಅದೇನು ಎರಡೆರಡು ಸಲ?"

"ಬಂದ್ಯಾ? ಕೂತ್ಕೋ." ತಿರುಗಿ ನೋಡಲಿಲ್ಲ. "ಗಂಟೆ ಲೆಕ್ಕ ನನಗೆ ಆಗಲ್ಲ ಕಣೇ. ಒಂದು ಭಾಗ ತೊಳೆದು ತಟ್ಟೆಗಿಟ್ಟರೆ ಏಳೋದು ಅಂತ ಮಾಡ್ಕೊಂಡೆ. ಎದ್ದು ಕೂತ ಮೇಲೆ ಸುಮ್ನೆ ಒಂದು ಸಲ ಇಟ್ಟು ಎತ್ತುತೀನಿ. ಹಿಡಿಯೋದು ಮರೆತುಹೋಗುತ್ತೆ ಅಂತ ಹೆದರಿಕೆ ಇತ್ತಲ್ಲ, ದಿನಾ ಇಷ್ಟು ಸಲ ಮರೆತು ಇಷ್ಟು ಸಲ ಹಿಡಿದ ಮೇಲೆ ಈಗ ಹೆದರಿಕೆಗೇ ಬೇಜಾರು ಬಂದಿದೆ."

"ಇವತ್ತು ಎಷ್ಟು ಬಿದ್ವು?"

"ಲೆಕ್ಕ ಇಟ್ಟಿಲ್ಲ."

ಬೆರಳಿನ ಪರೀಕ್ಷೆಯ ದಿನ ಫಿಸಿಯೋ ಹುಡುಗಿ ಇವರಿಗೆ ಕಣ್ಣು ಮುಚ್ಚಿಸಿದಳು. ಹತ್ತಿಯ ಎಳೆಯಿಂದ ಬೆರಳಿನ ತುದಿಗಳನ್ನು ಒಂದೊಂದಾಗಿ ಸವರುತ್ತೇನೆ, ಗೊತ್ತಾದಾಗ ಹೇಳಿ ಎಂದಳು. ನಾನು ಮೂಲೆಯ ಕುರ್ಚಿಯಲ್ಲಿ ಕೈಚೀಲದ ಹಿಡಿಯನ್ನು ಹಿಂಡುತ್ತಿದ್ದೆ. ಅವಳು ಹೆಬ್ಬೆರಳನ್ನು ಸವರಿದಳು.

"ಇದೆ," ಎಂದರು ಕೂಡಲೇ.

ಮತ್ತೆ ಸವರಿದಳು. "ಇದೆ. ಈಗ ಪಕ್ಕದಲ್ಲಿ."

ತೋರುಬೆರಳು. ಇವರು ಸುಮ್ಮನಿದ್ದರು. ಅವಳು ಮತ್ತೊಮ್ಮೆ ಸವರಿದಳು. ಕಣ್ಣು ಮುಚ್ಚಿ ಕೂತ ಆ ಮುಖವನ್ನು ನಾನು ನೋಡುತ್ತಿದ್ದೆ. ನಿಂತ ಗಡಿಯಾರಕ್ಕೆ ಕಿವಿಗೊಡುವ ಹಾಗೆ ತಲೆ ಒಂದಿಷ್ಟು ವಾಲಿತು.

"ಇದೆ," ಎಂದರು. "ಆದ್ರೆ ದೂರದಲ್ಲಿದೆ. ಪಕ್ಕದ ಮನೆ ಬಾಗಿಲು ತಟ್ಟಿದ ಹಾಗೆ."

"ಬಾಗಿಲು ತಟ್ಟಿದ್ದು ಕೇಳಿಸ್ತಲ್ಲ ಅಂಕಲ್, ಅಷ್ಟು ಸಾಕು." ಆಮೇಲೆ ಹಿಡಿತದ ಬಲ ನೋಡಿದಳು, ಕತ್ತು ತಿರುಗಿಸಿ ನೋಡಿದಳು. ಸರ್ಜನ್ ಮಾತು ಸದ್ಯಕ್ಕೆ ಬೇಡ ಎಂದಳು. ತೋರುಬೆರಳು ಪೂರ್ತಿ ಬರಬಹುದು, ಬರದೆಯೂ ಇರಬಹುದು, ಈಗಲೇ ಹೇಳಲಾಗುವುದಿಲ್ಲ, ಆದರೆ ದಾರಿ ಸರಿಯಿದೆ ಎಂದಳು.

"ಇನ್ನೂ ಎಷ್ಟು ದಿನ ಮಾಡ್ಬೇಕಮ್ಮ?"

"ಹಲ್ಲು ಎಷ್ಟು ದಿನ ಉಜ್ತೀರಾ ಅಂಕಲ್?"

"ಇರೋವರೆಗೆ."

"ಹಲ್ಲಾ, ನೀವಾ?"

"ಯಾವುದು ಮೊದಲು ಹೋಗುತ್ತೋ ಅಲ್ಲೀವರೆಗೆ," ಎಂದರು ಇವರು. ನನಗೆ ನಗು ಬರಬೇಕಿತ್ತು, ಕೈಚೀಲ ಎತ್ತಿಕೊಂಡು ಬೇಗ ಎದ್ದೆ.

ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ ಕಾರು ನಿಲ್ಲಿಸಿದ್ದೆ, ಎರಡು ಕಾರುಗಳ ನಡುವೆ. ಕೂತು ಕೀ ತಿರುಗಿಸಿದೆ. ಗೇರು ಹಾಕಿ ಕ್ಲಚ್ ಬಿಟ್ಟೆ, ಕಾರು ಒಂದು ಸಲ ಕುಪ್ಪಳಿಸಿ ಆಫ್ ಆಯಿತು. ಮತ್ತೆ ಶುರು ಮಾಡಿದೆ, ಮತ್ತೆ ಆಫ್ ಆಯಿತು. ಇಷ್ಟು ಜನಕ್ಕೆ ಕಲಿಸಿದವಳು ನಾನು. ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಅತ್ತುಬಿಟ್ಟೆ. ಸಂತೋಷಕ್ಕೆ ಎಂದು ಇವರಿಗೆ ಹೇಳಿದೆ. ಅಷ್ಟೇ ಆಗಿರಲಿಲ್ಲ. ಆ ಒಂದು ತೋರುಬೆರಳಿನದೂ ಇತ್ತು, ಅಷ್ಟೂ ದಿನದ್ದೂ ಇತ್ತು.

ಇವರು ನನ್ನ ಬೆನ್ನ ಮೇಲೆ ಕೈಯಿಟ್ಟರು. ಬಲಗೈ. "ಕತ್ತು ಎತ್ತು," ಎಂದರು. "ಹಾಗೆ ಬಗ್ಗಿದ್ರೆ ನರ ಒತ್ಕೊಳ್ಳುತ್ತೆ. ನೆಟ್ಟಗೆ ಕೂತ್ಕೋ. ಗದ್ದ ಒಳಗೆ. ಕೆಳಗಲ್ಲ, ಒಳಗೆ."

ಕಣ್ಣೀರು ಒರೆಸಿಕೊಂಡು ನೆಟ್ಟಗೆ ಕೂತೆ. ಗದ್ದ ಒಳಗೆಳೆದುಕೊಂಡೆ. ಇವರೂ ಎಳೆದುಕೊಂಡರು. ಇಬ್ಬರೂ ರೆಕ್ಕೆ ಹಿಂದಕ್ಕೆ ತಂದೆವು. ಇಬ್ಬರೂ ಕಾರಿನ ಛಾವಣಿ ನೋಡಿದೆವು. ನಿಧಾನವಾಗಿ ಇಬ್ಬರೂ ಎಡಕ್ಕೆ ನೋಡಿದೆವು, ಆಮೇಲೆ ಬಲಕ್ಕೆ. ನನ್ನ ಬಲಗಡೆಯ ಕಿಟಕಿಯಲ್ಲಿ ಆಸ್ಪತ್ರೆಯ ಕಾವಲಿನವನ ಮುಖವಿತ್ತು. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದನೋ.

ಗಾಜು ಇಳಿಸಿದೆ.

"ಏನಾದ್ರೂ ತೊಂದ್ರೆನಾ?" ಎಂದು ಕೇಳಿದ. ಕಾರಿನ ನೆತ್ತಿಯ ಮೇಲಿದ್ದ ಡ್ರೈವಿಂಗ್ ಸ್ಕೂಲಿನ ಬೋರ್ಡನ್ನೊಮ್ಮೆ, ನನ್ನ ಕೆಂಪು ಕಣ್ಣನ್ನೊಮ್ಮೆ ನೋಡಿದ.

"ಏನಿಲ್ಲಪ್ಪ," ಎಂದರು ನನ್ನ ಗಂಡ, ನಾನು ಕೂರುವ ಮೇಷ್ಟರ ಸೀಟಿನಲ್ಲಿ ಆರಾಮವಾಗಿ ಒರಗಿಕೊಂಡು. "ಇವರು ಹೊಸಬರು. ಈಗ ಕಲೀತಿದ್ದಾರೆ."

ಅವನ ಮುಖ ಮೆತ್ತಗಾಯಿತು. "ಹೆದರ್ಕೋಬೇಡಿ ಅಮ್ಮಾ," ಎಂದ. "ಮೊದಲು ಎಲ್ಲರಿಗೂ ಹಾಗೇ. ಕ್ಲಚ್ ನಿಧಾನಕ್ಕೆ ಬಿಡಿ."

ನಿಧಾನಕ್ಕೆ ಬಿಟ್ಟೆ. ಕಾರು ಹೊರಟಿತು.